ಮ್ಯಾಕ್ಸ್ ಲೆವ್ಚಿನ್: ಪೇಪಾಲ್‌ನ ಕೋಡ್‌ನಿಂದ ಅಫರ್ಮ್‌ನ ಸಾಲದವರೆಗೆ. ಓದಿದವರು, ಈ ಕ್ಷೇತ್ರದಲ್ಲಿ ಇರುವವರು ಮಾತಾಡಿ

ರಾತ್ರಿಪಾಳಿ:

ಆನ್‌ಲೈನ್‌ನಲ್ಲಿ ಹಣ ಕಳಿಸುವ ಪೇಪಾಲ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಇಲಾನ್ ಮಸ್ಕ್, ಇಲ್ಲವೇ ಪೀಟರ್ ಥೀಲ್. ಅಲ್ಲಿನ ಕೋಡ್‌ನ ಹೊಣೆ ಹೊತ್ತವರು ಯಾರು ಅಂತ ಕೇಳಿದರೆ ನಮ್ಮ ಸಾಫ್ಟ್‌ವೇರ್ ಮಂದಿಯೇ ತಲೆ ಕೆರೆದುಕೊಳ್ಳುತ್ತಾರೆ. ಅವರು ಮ್ಯಾಕ್ಸ್ ಲೆವ್ಚಿನ್. ನಾನು ಪಾವತಿ ವಂಚನೆ ತಡೆಯುವ ಕೆಲಸದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಅವತ್ತಿನಿಂದ ಇವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ನನಗೆ ಅನ್ನಿಸಿದ್ದು ಇಷ್ಟು: ಈ ಮನುಷ್ಯ ಜೀವನದಲ್ಲಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಪರದೆಯ ಆಚೆ ಕೂತಿರುವ, ನಾವು ಯಾವತ್ತೂ ನೋಡದ ಒಬ್ಬನನ್ನು ಹಣದ ವಿಷಯದಲ್ಲಿ ಎಷ್ಟು ನಂಬಬಹುದು?

ಹುಟ್ಟಿದ್ದು 1975ರಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಕೀವ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಚಿಕ್ಕಂದಿನಲ್ಲಿ ಉಸಿರಾಟದ ತೊಂದರೆ ಎಷ್ಟಿತ್ತೆಂದರೆ ಬದುಕುವುದೇ ಅನುಮಾನ ಅಂದಿದ್ದರಂತೆ ಡಾಕ್ಟರು. ಶ್ವಾಸಕೋಶ ಬಲವಾಗಲಿ ಅಂತ ಕ್ಲಾರಿನೆಟ್ ಕಲಿಸಿದರು. ತಾಯಿ ಭೌತಶಾಸ್ತ್ರ ಓದಿದವರು, ವಿಕಿರಣ ಅಳೆಯುವ ಸಂಸ್ಥೆಯಲ್ಲಿ ಕೆಲಸ. 1986ರಲ್ಲಿ ಚೆರ್ನೋಬಿಲ್ ಸ್ಫೋಟ ಆದಾಗ ಊರಿಗೆ ಸುದ್ದಿ ಹಬ್ಬುವ ಮೊದಲೇ ಅವರಿಗೆ ಅಂದಾಜು ಸಿಕ್ಕಿತ್ತು. ಮಕ್ಕಳನ್ನು ಕ್ರೈಮಿಯಾ ಕಡೆಗೆ ರೈಲು ಹತ್ತಿಸಿದರು. ವಿಕಿರಣ ಅಳೆಯುವ ಯಂತ್ರ ಹುಡುಗನ ಕಾಲಿನ ಹತ್ತಿರ ಬಂದಾಗ ಕಿರುಚತೊಡಗಿತು. ಎಲ್ಲರೂ ಗಾಬರಿ. ತಾಯಿ ಮಾತ್ರ ಬೂಟು ಬಿಚ್ಚಿಸಿ ಮತ್ತೆ ಅಳೆಯಿರಿ ಅಂದರು. ಕಾಲಿಗೆ ಏನೂ ಆಗಿರಲಿಲ್ಲ, ಬೂಟಿಗೆ ಚುಚ್ಚಿಕೊಂಡಿದ್ದ ಗುಲಾಬಿ ಮುಳ್ಳಿನಲ್ಲಿ ವಿಕಿರಣ ಇತ್ತು. ಯಂತ್ರ ಕಿರುಚಿದರೆ ನಿಜವಾಗಿ ಯಾವುದಕ್ಕೆ ಕಿರುಚುತ್ತಿದೆ ಅಂತ ಬಿಚ್ಚಿ ನೋಡಬೇಕು. ನಾನು ದಿನಾ ಮಾಡುವ ಕೆಲಸವೂ ಇದೇ, ಅದಕ್ಕೇ ಈ ಘಟನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

1991ರಲ್ಲಿ ಕುಟುಂಬ ಷಿಕಾಗೊಗೆ ವಲಸೆ ಬಂತು. ಕಸದಲ್ಲಿ ಸಿಕ್ಕ ಟಿವಿಯನ್ನು ರಿಪೇರಿ ಮಾಡಿ, ಅದನ್ನು ನೋಡುತ್ತಾ ಇಂಗ್ಲಿಷ್ ಕಲಿತರು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ ಶಾಂಪೇನ್ ಕ್ಯಾಂಪಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದರು, 1997ರಲ್ಲಿ ಪದವಿ. ವೆಬ್ ಅನ್ನು ಜನಸಾಮಾನ್ಯರಿಗೆ ತಲುಪಿಸಿದ ಮೊಸಾಯಿಕ್ ಬ್ರೌಸರ್ ಹುಟ್ಟಿದ ಜಾಗ ಅದು. ಅಲ್ಲಿನ ಗಾಳಿಯಲ್ಲೇ ಕಂಪನಿ ಕಟ್ಟುವ ಹುಚ್ಚು ಇದ್ದಿರಬೇಕು, ಕಾಲೇಜಿನಲ್ಲಿ ಇದ್ದಾಗಲೇ ಗೆಳೆಯರ ಜೊತೆ ಒಂದೆರಡು ಶುರು ಮಾಡಿದ್ದರು.

1998ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಹೊರಗೆ ಸೆಖೆ. ತಣ್ಣಗೆ ಕೂರಲು ಜಾಗ ಬೇಕು ಅಂತ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಉಪನ್ಯಾಸಕ್ಕೆ ಹೋಗಿ ಕೂತರು. ಮಾತಾಡುತ್ತಿದ್ದದ್ದು ಪೀಟರ್ ಥೀಲ್. ಕೇಳುಗರು ಬೆರಳೆಣಿಕೆಯಷ್ಟು, ಹಾಗಾಗಿ ಮುಗಿದ ಮೇಲೆ ಹೋಗಿ ಮಾತಾಡಿಸುವುದು ಸುಲಭ ಆಯಿತು. ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಕಂಪನಿ ಆಗಿತ್ತು. ಅದು ಕಾನ್ಫಿನಿಟಿ, ಮುಂದೆ ಪೇಪಾಲ್ ಆಗಿದ್ದು.

ಮೊದಲ ಯೋಚನೆ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್‌ಗಳ ನಡುವೆ ಇನ್‌ಫ್ರಾರೆಡ್ ಕಿರಣದಲ್ಲಿ ಹಣ ಕಳಿಸುವುದು. 1999ರ ಜುಲೈನಲ್ಲಿ ವುಡ್‌ಸೈಡ್‌ನ ಬಕ್ಸ್ ಎಂಬ ರೆಸ್ಟೋರೆಂಟ್‌ನಲ್ಲಿ ನೋಕಿಯಾ ವೆಂಚರ್ಸ್‌ನವರು ತಮ್ಮ 30 ಲಕ್ಷ ಡಾಲರ್ ಹೂಡಿಕೆಯನ್ನು ಆ ಕಿರಣದಲ್ಲೇ ಪತ್ರಕರ್ತರ ಮುಂದೆ ಕಳಿಸಿದರು. ಸುಮ್ನೆ ನಾಟಕದ ಡೆಮೊ ತೋರಿಸಿ ಮುಗಿಸಬಹುದಿತ್ತು. ಲೆವ್ಚಿನ್ ಒಪ್ಪಲಿಲ್ಲ. ಕ್ರಿಪ್ಟೋಗ್ರಫಿ, ಅಂದರೆ ಮಾಹಿತಿಗೆ ಹಾಕುವ ಗಣಿತದ ಬೀಗ, ನಿಜವಾಗಿ ಕೆಲಸ ಮಾಡಲೇಬೇಕು ಅಂತ ತಂಡದ ಜೊತೆ ಐದು ದಿನ ನಿದ್ದೆಗೆಟ್ಟು ಕೋಡ್ ಬರೆದರು. ಹಣ ಬಂತು. ಅವರು ತಿಂಡಿಗೆ ಹೇಳಿ ಮೇಜಿನ ಮೇಲೇ ನಿದ್ದೆ ಹೋದರು. ಎದ್ದಾಗ ಪಕ್ಕದಲ್ಲಿ ಆಮ್ಲೆಟ್ ಇತ್ತು, ಜನ ಎಲ್ಲ ಹೊರಟುಹೋಗಿದ್ದರು.

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಮುಂದಿನದ್ದು ನೀವೂ ಸೇರಿಸಿ.

ಹಳೇಕೋಡು:

ಪಾಮ್ ಪೈಲಟ್‌ಗೆ ಕೋಡ್ ಬರೆದವನು ನಾನು, ಅದಕ್ಕೇ ಇದನ್ನು ಹೇಳಲೇಬೇಕು. ಅದರ ಪ್ರೊಸೆಸರ್ 16 ಮೆಗಾಹರ್ಟ್ಸ್. ಈಗಿನ ಹುಡುಗರಿಗೆ ಆ ಸಂಖ್ಯೆಯ ಅರ್ಥವೇ ಆಗುವುದಿಲ್ಲ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಥರದ ಲೆಕ್ಕ ಅದಕ್ಕೆ ಕೊಟ್ಟರೆ ಒಂದು ಸಹಿ ಹಾಕುವ ಹೊತ್ತಿಗೆ ಬಳಸುವವನ ತಾಳ್ಮೆ ಹೋಗಿರುತ್ತದೆ. ಎಲಿಪ್ಟಿಕ್ ಕರ್ವ್ ಎಂಬ ಇನ್ನೊಂದು ವಿಧಾನ ಇಂಥ ಕಡೆ ಕೈ ಹಿಡಿಯುತ್ತದೆ, ಯಾಕೆಂದರೆ 1024 ಬಿಟ್‌ನ ಆರ್‌ಎಸ್‌ಎ ಕೀಲಿ ಕೊಡುವ ಭದ್ರತೆಯನ್ನು ಅದು ಸುಮಾರು 160 ಬಿಟ್‌ನಲ್ಲಿ ಕೊಡುತ್ತದೆ. ಲೆವ್ಚಿನ್‌ಗೆ ಇದೇ ಮೊದಲ ಪ್ರೀತಿ. ಅಷ್ಟು ಸಣ್ಣ ಯಂತ್ರದೊಳಗೆ ಗಟ್ಟಿ ಬೀಗ ಕೂರಿಸುವುದು.

ಆದರೆ ನೋಡಿ, ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಬಳಸಿದವರು ಸುಮಾರು 12 ಸಾವಿರ ಜನ ಮಾತ್ರ. ಇಮೇಲ್ ಮೂಲಕ ಹಣ ಕಳಿಸುವ ವೆಬ್ ಪುಟ ಲೆವ್ಚಿನ್ ತಂಡದ ಕಣ್ಣಿಗೆ ಬರೀ ಡೆಮೊ. ಅಷ್ಟರಲ್ಲಿ ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಹಳೆ ಸಾಮಾನು ಮಾರುವವರು ಆ ಡೆಮೊಗೆ ಮುಗಿಬಿದ್ದರು. ನಿಮ್ಮ ಲೋಗೊ ಹಾಕಿಕೊಳ್ಳಬಹುದಾ ಅಂತ ಕೇಳಿದರೆ ಇವರು ಬೇಡ ಬೇಡ ಅನ್ನುತ್ತಿದ್ದರಂತೆ! ಕೊನೆಗೆ ತಮ್ಮ ಮುದ್ದಿನ ಕೋಡನ್ನು ತಾವೇ ಮುಚ್ಚಿ ಡೆಮೊ ಕಡೆಗೆ ತಿರುಗಿದರು. ಎಂಜಿನಿಯರ್ ಆದವನಿಗೆ ಅದು ಎಷ್ಟು ಸಂಕಟದ ಕೆಲಸ ಅಂತ ನನಗೆ ಗೊತ್ತು. ನಾನು ಎರಡು ವರ್ಷ ಬರೆದ ಒಂದು ಲೈಬ್ರರಿಯನ್ನು ನನ್ನ ಕೈಯಾರೆ ಅಳಿಸಬೇಕಾಗಿ ಬಂದಾಗ ಆ ಇಡೀ ವಾರ ನನಗೆ ಊಟ ಸೇರಲಿಲ್ಲ.

2000ದ ಮಾರ್ಚ್‌ನಲ್ಲಿ ಮಸ್ಕ್ ಅವರ ಎಕ್ಸ್ ಡಾಟ್ ಕಾಮ್ ಎಂಬ ಆನ್‌ಲೈನ್ ಬ್ಯಾಂಕಿಂಗ್ ಕಂಪನಿಯ ಜೊತೆ ವಿಲೀನ ಆಯಿತು. ಮಸ್ಕ್‌ಗೆ ಎಲ್ಲವೂ ವಿಂಡೋಸ್ ಮೇಲೆ ಬೇಕು, ಲೆವ್ಚಿನ್ ಕಡೆಯವರದ್ದು ಯೂನಿಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್. ಹೊರಗಿನವರಿಗೆ ಇದು ಮಕ್ಕಳ ಜಗಳ ಅನ್ನಿಸಬಹುದು. ಆದರೆ ದಿನಾ ಸಾವಿರಾರು ಹೊಸ ಖಾತೆ ತೆರೆಯುತ್ತಿರುವಾಗ ಬುಡವನ್ನೇ ಕಿತ್ತು ಬೇರೆ ಕಡೆ ನೆಡುವುದು ಅಂದರೆ ಏನು ಅಂತ ಯೋಚಿಸಿ. ಸೆಪ್ಟೆಂಬರ್‌ನಲ್ಲಿ ಮಸ್ಕ್ ಸಿಇಒ ಕುರ್ಚಿಯಿಂದ ಇಳಿಯಬೇಕಾಯಿತು. ಆ ಯೋಜನೆಯೂ ಅಲ್ಲಿಗೇ ನಿಂತಿತು.

ಹೊಸಬ:

ನಾನು ಕೊನೆಯ ವರ್ಷದ ವಿದ್ಯಾರ್ಥಿ. ಒಂದು ಡೌಟು. ಕ್ರಿಪ್ಟೋಗ್ರಫಿ ಅಷ್ಟು ಗಟ್ಟಿ ಇದ್ದ ಮೇಲೆ ಪೇಪಾಲ್‌ಗೆ ವಂಚನೆ ಹೇಗೆ ಅಷ್ಟು ಕಾಡಿತು?

ರಾತ್ರಿಪಾಳಿ:

ಒಳ್ಳೆ ಪ್ರಶ್ನೆ. ಲೆವ್ಚಿನ್ ಕೂಡ ಇದರಲ್ಲೇ ಕೈ ಸುಟ್ಟುಕೊಂಡು ಕಲಿತರು.

ಬೀಗ ಗಟ್ಟಿ ಇತ್ತು, ಯಾರೂ ಒಡೆಯಲಿಲ್ಲ. ಕಳ್ಳ ಮುಂಬಾಗಿಲಿನಿಂದಲೇ ಬಂದ. ಯಾರದ್ದೋ ಕಾರ್ಡ್ ನಂಬರ್ ಕದ್ದಿರುತ್ತಾನೆ. ಅದರಿಂದ ಒಂದು ಖಾತೆಗೆ ಹಣ ಹಾಕುತ್ತಾನೆ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ, ಕೊನೆಗೆ ಬ್ಯಾಂಕಿಗೆ ತೆಗೆದುಕೊಂಡು ಮಾಯ. ಕೆಲವು ವಾರ ಬಿಟ್ಟು ಕಾರ್ಡಿನ ನಿಜವಾದ ಒಡೆಯ ಸ್ಟೇಟ್‌ಮೆಂಟ್ ನೋಡಿ, ಇದು ನಾನು ಮಾಡಿದ್ದಲ್ಲ ಅಂತ ತಕರಾರು ಹಾಕುತ್ತಾನೆ. ಬ್ಯಾಂಕ್ ಹಣವನ್ನು ಪೇಪಾಲ್‌ನಿಂದ ವಾಪಸ್ ಎಳೆದುಕೊಳ್ಳುತ್ತದೆ. ಅಂದರೆ ಇವತ್ತಿನ ನಷ್ಟ ಇವತ್ತು ಕಾಣುವುದೇ ಇಲ್ಲ. ಬಳಕೆದಾರರು ಏರುತ್ತಿದ್ದಾರೆ ಅಂತ ಖುಷಿಪಡುತ್ತಿರುವಾಗ ಕೆಳಗಿನಿಂದ ಹಣ ನೀರಿನಂತೆ ಸೋರುತ್ತಿರುತ್ತದೆ.

ಇವರು ಎರಡು ಕಡೆಯಿಂದ ಹಿಡಿದರು. ಒಂದು, ಯಂತ್ರಗಳು ಸಾವಿರಗಟ್ಟಲೆ ಖಾತೆ ತೆರೆಯದಂತೆ, ಗೆರೆ ಎಳೆದು ಕೆಡಿಸಿದ ಅಕ್ಷರಗಳನ್ನು ಓದಿ ಟೈಪ್ ಮಾಡಿ ಅನ್ನುವ ಪರೀಕ್ಷೆ. ಡೇವಿಡ್ ಗೌಸ್‌ಬೆಕ್ ಜೊತೆ ಮಾಡಿದ್ದು, ಇಬ್ಬರ ಹೆಸರಿನಲ್ಲೇ ಗೌಸ್‌ಬೆಕ್-ಲೆವ್ಚಿನ್ ಪರೀಕ್ಷೆ ಅಂತ ಕರೆಯುತ್ತಾರೆ. ನಾವೆಲ್ಲ ಬೈದುಕೊಂಡು ತುಂಬುವ ಕ್ಯಾಪ್ಚಾವನ್ನು ವ್ಯಾಪಾರಕ್ಕೆ ಬಳಸಿದ ಮೊದಲಿಗರಲ್ಲಿ ಇವರೂ ಇದ್ದಾರೆ.

ಇನ್ನೊಂದು ಇಗೋರ್. ರಷ್ಯನ್ ವಂಚಕನೊಬ್ಬ ಇವರನ್ನು ಕೆಣಕುತ್ತಾ ಮೇಲ್ ಬರೆಯುತ್ತಿದ್ದ, ಅವನ ಹೆಸರನ್ನೇ ಸಾಫ್ಟ್‌ವೇರ್‌ಗೆ ಇಟ್ಟರು. ಅದಕ್ಕೂ ಮೊದಲು ತನಿಖೆಯವರ ಮೇಜಿನ ಮೇಲೆ ಪ್ರಿಂಟ್ ತೆಗೆದ ಕಾಗದದ ರಾಶಿ ಇರುತ್ತಿತ್ತು. ಇಗೋರ್ ಆ ಖಾತೆಗಳ ನಡುವಿನ ಹಣದ ಓಡಾಟವನ್ನು ಪರದೆಯ ಮೇಲೆ ಚಿತ್ರವಾಗಿ ಬಿಡಿಸಿತು. ಅನುಮಾನ ಬಂದಿದ್ದನ್ನು ಯಂತ್ರ ಎತ್ತಿ ತೋರಿಸುತ್ತದೆ, ಕಳ್ಳನೋ ಅಲ್ಲವೋ ಅಂತ ಮನುಷ್ಯ ತೀರ್ಮಾನ ಮಾಡುತ್ತಾನೆ. ರಾಶಿ ಮಾಹಿತಿ ಜಾಲಾಡಿ ಸುಳಿವು ಹುಡುಕುವ ಪಲಂಟಿರ್ ಕಂಪನಿಯ ಮೂಲ ಕಲ್ಪನೆ ಬಂದಿದ್ದೂ ಇಲ್ಲಿಂದಲೇ.

ಈ ಮನುಷ್ಯನ ಭಾಗ ಎಷ್ಟು ಮುಖ್ಯ ಅಂತ ನನ್ನದೇ ಉದಾಹರಣೆ ಕೊಡುತ್ತೇನೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಒಂದು ನಿಯಮ ಬರೆದಿದ್ದೆ. ಒಂದೇ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು), ಒಂದೇ ಮೊತ್ತ, ಬೇರೆ ಬೇರೆ ಕಾರ್ಡ್, ಇಪ್ಪತ್ತು ನಿಮಿಷದೊಳಗೆ ಹತ್ತಕ್ಕಿಂತ ಜಾಸ್ತಿ ಪಾವತಿ. ಹಾಗಿದ್ದರೆ ತಡೆ. ಕದ್ದ ಕಾರ್ಡ್‌ಗಳನ್ನು ಪರೀಕ್ಷೆ ಮಾಡುವವರು ಸರಿಯಾಗಿ ಹೀಗೇ ಮಾಡುತ್ತಾರೆ. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನಿಯಮ ಕೂಗಿಕೊಂಡಿತು, ಎಲ್ಲ ತಡೆಯಿತು, ನನಗೆ ಒಳಗೊಳಗೇ ಹೆಮ್ಮೆ. ಆಮೇಲೆ ಸಹಾಯವಾಣಿಗೆ ಒಂದರ ಹಿಂದೆ ಒಂದು ಕರೆ. ಅದು ಹೆಣ್ಣುಮಕ್ಕಳ ಹಾಸ್ಟೆಲ್. ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ. ಎಲ್ಲರೂ ಒಂದೇ ವೈಫೈನಿಂದ, ಅಪ್ಪ ಅಮ್ಮನ ಕಾರ್ಡ್‌ನಿಂದ, ಒಂದೇ ಶುಲ್ಕ ಕಟ್ಟುತ್ತಿದ್ದರು. ಒಬ್ಬ ಹುಡುಗಿ ಅಳುತ್ತಲೇ ಮಾತಾಡಿದಳು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ನಾನು ಕೈಯಿಂದ ಒಂದೊಂದೇ ಬಿಡುಗಡೆ ಮಾಡಿದೆ. ನನ್ನ ಬೂಟಿನ ಮುಳ್ಳು ಅದು.

ಹೊಸಬ:

ಅರ್ಥ ಆಯಿತು, ಥ್ಯಾಂಕ್ಸ್. 2002ರಲ್ಲಿ ಇಬೇ 150 ಕೋಟಿ ಡಾಲರ್‌ಗೆ ಪೇಪಾಲ್ ಕೊಂಡಿತು ಅಲ್ವಾ? ಆಗ ಇವರಿಗೆ 27 ವರ್ಷ. ಅಲ್ಲಿಗೇ ಸಾಕು ಅಂತ ಆರಾಮಾಗಿ ಇರಬಹುದಿತ್ತು.

ಹಳೇಕೋಡು:

ಇವರ ಪಾಲಿಗೆ ಬಂದಿದ್ದು ಸುಮಾರು 3.4 ಕೋಟಿ ಡಾಲರ್. ಆರಾಮಾಗಿ ಇರುವ ಜಾಯಮಾನ ಇರಲಿಲ್ಲ. 2004ರಲ್ಲಿ ಸ್ಲೈಡ್ ಶುರು ಮಾಡಿದರು. ಫೋಟೊ ತೋರಿಸುವ ಆಟಿಕೆಗಳು, ಫೇಸ್‌ಬುಕ್ ಮೇಲೆ ಒಬ್ಬರನ್ನೊಬ್ಬರು ತಿವಿಯುವ ಸೂಪರ್‌ಪೋಕ್. ಒಂದು ಕಾಲಕ್ಕೆ ಜನ ಹುಚ್ಚೆದ್ದು ಬಳಸಿದರು. 2010ರಲ್ಲಿ ಗೂಗಲ್ 18.2 ಕೋಟಿ ಡಾಲರ್‌ಗೆ ಕೊಂಡಿತು, ಮರುವರ್ಷವೇ ಬಾಗಿಲು ಹಾಕಿತು. ಸೋಲು ಅಂತಲೇ ಹೇಳಬೇಕು. ಆರು ವರ್ಷ ಅದರಲ್ಲಿ ಕಳೆದವು. ಅದೇ 2004ರಲ್ಲಿ ಪೇಪಾಲ್‌ನ ಇಬ್ಬರು ಹಳೆಯ ಎಂಜಿನಿಯರ್‌ಗಳಿಗೆ 10 ಲಕ್ಷ ಡಾಲರ್ ಕೊಟ್ಟಿದ್ದರು, ಅದು ಅಂಗಡಿ, ಹೋಟೆಲುಗಳ ಬಗ್ಗೆ ಜನ ಅಭಿಪ್ರಾಯ ಬರೆಯುವ ಯೆಲ್ಪ್ ಆಯಿತು. ಹಗಲು ರಾತ್ರಿ ದುಡಿದದ್ದು ಹೋಯಿತು, ಪಕ್ಕದಲ್ಲಿ ಬೆಂಬಲ ಕೊಟ್ಟದ್ದು ಉಳಿಯಿತು. ಹೀಗೂ ಆಗುತ್ತದೆ.

ಖಾತೆಪುಸ್ತಕ:

ಇಲ್ಲಿಯವರೆಗೂ ಒಪ್ಪುತ್ತೇನೆ. 2012ರಲ್ಲಿ ಲೆವ್ಚಿನ್ ಶುರು ಮಾಡಿದ, ಕಂತಿನ ಸಾಲ ಕೊಡುವ ಅಫರ್ಮ್ ವಿಷಯದಲ್ಲಿ ನನಗೆ ತಕರಾರಿದೆ. ನಾನು ಲೆಕ್ಕ ಪರಿಶೋಧನೆಯವಳು, ಸಾಲದ ಪುಸ್ತಕ ನೋಡಿಯೇ ದಿನ ಕಳೆಯುವವಳು.

ಈಗ ಕೊಳ್ಳಿ, ಆಮೇಲೆ ಕಟ್ಟಿ. ಹೆಸರು ಎಷ್ಟೇ ಚೆನ್ನಾಗಿರಲಿ, ಅದು ಸಾಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಅಫರ್ಮ್‌ನ ಬಡ್ಡಿ ಸೊನ್ನೆಯಿಂದ ಶೇ 36ರವರೆಗೆ ಇರುತ್ತದೆ. ಮಾರುವ ಅಂಗಡಿಯೂ ಇವರಿಗೆ ಶುಲ್ಕ ಕೊಡುತ್ತದೆ. ಅಂಗಡಿ ಯಾಕೆ ಕೊಡುತ್ತದೆ? ಕಂತು ಅಂದ ಕೂಡಲೇ ಜನ ಜಾಸ್ತಿ ಕೊಳ್ಳುತ್ತಾರೆ, ದುಬಾರಿಯದ್ದನ್ನು ಕೊಳ್ಳುತ್ತಾರೆ, ಅದಕ್ಕೆ. 2020ರ ಹಣಕಾಸು ವರ್ಷದಲ್ಲಿ ಅಫರ್ಮ್‌ನ ಆದಾಯದ ಶೇ 28 ಒಂದೇ ಕಂಪನಿಯಿಂದ, ಮನೆಯಲ್ಲಿ ತುಳಿಯುವ ವ್ಯಾಯಾಮದ ಸೈಕಲ್ ಮಾರುವ ಪೆಲೊಟಾನ್‌ನಿಂದ ಬಂದಿತ್ತು. ಅದು ಹೊಟ್ಟೆಪಾಡಿನ ಸಾಲ ಅಲ್ಲ ಅಲ್ವಾ.

ಶೇರಿನ ಕಥೆಯನ್ನೂ ನೋಡಿ. 2021ರ ಜನವರಿಯಲ್ಲಿ 49 ಡಾಲರ್‌ಗೆ ಮಾರುಕಟ್ಟೆಗೆ ಬಂತು, ಮೊದಲ ದಿನವೇ ಸುಮಾರು ಎರಡು ಪಟ್ಟು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆಜಾನ್ ಜೊತೆ ಒಪ್ಪಂದ, ನವೆಂಬರ್‌ನಲ್ಲಿ 160 ದಾಟಿತು. 2022ರ ಕೊನೆಗೆ 10 ಡಾಲರ್‌ಗಿಂತ ಕೆಳಗೆ. ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದ್ದೇ ತಡ, ಸಾಲ ಕೊಡಲು ಇವರು ತರುವ ಹಣವೇ ದುಬಾರಿ ಆಯಿತು. 2023ರ ಫೆಬ್ರುವರಿಯಲ್ಲಿ ಶೇ 19 ಜನರನ್ನು ಕೆಲಸದಿಂದ ತೆಗೆದರು. ನಂಬಿಕೆಯ ಬಗ್ಗೆ ಮಾತಾಡುವಾಗ ಆ ಮನೆಗಳೂ ನೆನಪಿರಲಿ.

ಮಳೆಹುಡುಗಿ:

ಖಾತೆಪುಸ್ತಕ, ನೀವು ಹೇಳಿದ್ದು ಸರಿ. ಆದರೆ ನನ್ನದನ್ನೂ ಕೇಳಿ.

ಮೊದಲ ಕೆಲಸ ಸಿಕ್ಕಾಗ ಒಂದು ಬ್ಯಾಂಕಿನವರು ಕ್ರೆಡಿಟ್ ಕಾರ್ಡ್ ಕೊಟ್ಟರು. ಒಂದು ಲ್ಯಾಪ್‌ಟಾಪ್ ಕೊಂಡೆ. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಅಂತ ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಕಟ್ಟುತ್ತಾ ಹೋದೆ. ಒಂದು ತಿಂಗಳು ಎರಡು ದಿನ ತಡವಾಯಿತು. ತಡವಾದ ಶುಲ್ಕ, ಅದರ ಮೇಲೆ ತೆರಿಗೆ, ಮುಂದಿನ ತಿಂಗಳು ಆ ಶುಲ್ಕದ ಮೇಲೂ ಬಡ್ಡಿ. ಗಾಯದ ಮೇಲೆ ಬರೆ ಎಳೆದ ಹಾಗೆ. ಹದಿನಾಲ್ಕು ತಿಂಗಳು ಕಟ್ಟಿದ ಮೇಲೆ ಒಂದು ಭಾನುವಾರ ಎಲ್ಲ ಬಿಲ್ಲುಗಳನ್ನು ನೆಲದ ಮೇಲೆ ಹರಡಿ ಕೂಡಿಸಿ ನೋಡಿದೆ. ಅಸಲು ಕಾಲು ಭಾಗವೂ ಇಳಿದಿರಲಿಲ್ಲ. ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಅಂತ ಮೊದಲ ದಿನ ಯಾರೂ ನನಗೆ ಹೇಳಿರಲಿಲ್ಲ.

ಅಫರ್ಮ್ ಆ ಒಂದು ಮಾತನ್ನು ಹೇಳುತ್ತದೆ. ನಿಮ್ಮ ಬಡ್ಡಿ ಒಟ್ಟು ಇಷ್ಟು ಡಾಲರ್ ಅಂತ ಕೊಳ್ಳುವ ಮೊದಲೇ ತೋರಿಸುತ್ತದೆ. ತಡವಾದರೂ ಅದು ಏರುವುದಿಲ್ಲ. ತಡವಾದ ಶುಲ್ಕ ಇಲ್ಲ, ಬಡ್ಡಿಗೆ ಬಡ್ಡಿ ಇಲ್ಲ. 600 ಡಾಲರ್‌ನ ಸಾಮಾನನ್ನು ಶೇ 30 ಬಡ್ಡಿಗೆ 12 ತಿಂಗಳ ಕಂತಿನಲ್ಲಿ ಕೊಂಡರೆ ಬಡ್ಡಿ ಸುಮಾರು 102 ಡಾಲರ್. ಕಮ್ಮಿ ಏನಲ್ಲ. ಆದರೆ 102 ಅಂತ ಕಣ್ಣಿಗೆ ಕಂಡರೆ, ಇದು ನನಗೆ ಬೇಕಾ ಅಂತ ಕೇಳಿಕೊಳ್ಳಬಹುದು. ನನಗೆ ಆ ಅವಕಾಶವೇ ಸಿಗಲಿಲ್ಲ.

ರಾತ್ರಿಪಾಳಿ:

ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಫರ್ಮ್ ಹುಟ್ಟಿದ್ದರ ಹಿಂದೆ ಇಂಥದ್ದೇ ಒಂದು ಅನುಭವ ಇದೆ. ಕಾಲೇಜಿನಲ್ಲಿದ್ದಾಗ ಕಾರ್ಡ್ ಬಾಕಿ ಉಳಿಸಿಕೊಂಡು ಲೆವ್ಚಿನ್ ತಮ್ಮ ಕ್ರೆಡಿಟ್ ಸ್ಕೋರ್ ಹಾಳು ಮಾಡಿಕೊಂಡಿದ್ದರು. ಪೇಪಾಲ್ ಶೇರು ಮಾರುಕಟ್ಟೆಗೆ ಬಂದ ಮೇಲೂ ಕಾರು ಕೊಳ್ಳಲು ಹೋದರೆ ಸಾಲ ಸಿಗಲಿಲ್ಲ. ಕೋಟಿಗಟ್ಟಲೆ ಆಸ್ತಿ ಇದ್ದವರನ್ನು ಹಳೆಯ ಅಂಕಿಯೊಂದು ನಂಬಲರ್ಹ ಅಲ್ಲ ಅಂದಿತು.

ನನ್ನ ಮಾತು ಇಲ್ಲಿಗೇ ಬರುತ್ತದೆ. ಪೇಪಾಲ್‌ನಲ್ಲಿ ಇವರು ಕೇಳಿದ್ದು, ಈ ಪಾವತಿ ಮಾಡುತ್ತಿರುವವನು ಕಳ್ಳನಾ? ಅಫರ್ಮ್‌ನಲ್ಲಿ ಕೇಳುವುದು, ಈ ಸಾಲವನ್ನು ಇವನು ತೀರಿಸುತ್ತಾನಾ? ಎರಡಕ್ಕೂ ಉತ್ತರ ಕೆಲವು ಸೆಕೆಂಡಿನಲ್ಲಿ, ಮುಖ ನೋಡದೆ, ಒಂದೊಂದು ವ್ಯವಹಾರಕ್ಕೂ ಬೇರೆಯಾಗಿ ಕೊಡಬೇಕು. ಕಾರ್ಡ್ ಕಂಪನಿ ಒಮ್ಮೆ ಮಿತಿ ಕೊಟ್ಟು ಸುಮ್ಮನಾಗುತ್ತದೆ. ಇವರು ಪ್ರತಿ ಸಲ ಹೊಸದಾಗಿ ತೀರ್ಮಾನ ಮಾಡುತ್ತಾರೆ, ಎಷ್ಟೋ ಸಲ ಇಲ್ಲ ಅನ್ನುತ್ತಾರೆ. ತಡವಾದ ಶುಲ್ಕ ಇಲ್ಲದಿದ್ದರೆ ಗಿರಾಕಿ ತಪ್ಪಿದಾಗ ಕಂಪನಿಗೆ ಲಾಭ ಇಲ್ಲ, ನಷ್ಟವೇ. ಹಾಗಾಗಿ ಮೊದಲೇ ಸರಿಯಾಗಿ ಅಳೆಯಬೇಕು. ವಂಚನೆ ಹಿಡಿದು ಪಳಗಿದ ಎಂಜಿನಿಯರ್ ಮಾತ್ರ ಇಂಥ ನಿಯಮವನ್ನು ತನ್ನ ಮೇಲೆ ತಾನೇ ಹೇರಿಕೊಳ್ಳಲು ಧೈರ್ಯ ಮಾಡಬಹುದು ಅಂತ ನನ್ನ ನಂಬಿಕೆ.

2025ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿ ಲಾಭ ಕಂಡಿತು. ಶುರುವಾಗಿ ಹದಿಮೂರು ವರ್ಷ ಆಗಿತ್ತು.

ಖಾತೆಪುಸ್ತಕ:

ಮಳೆಹುಡುಗಿ, ನಿಮ್ಮ ಬಿಲ್ಲುಗಳ ಕಥೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಟ್ಟು ಬಡ್ಡಿ ಮೊದಲೇ ಹೇಳಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ, ಎಲ್ಲ ಸಾಲಕ್ಕೂ ಹೀಗೇ ಇರಬೇಕು.

ನನ್ನ ಭಯ ಬೇರೆ ಕಡೆ ಇದೆ. ಒಬ್ಬರೇ ಅಫರ್ಮ್‌ನಲ್ಲಿ ಒಂದು, ಸ್ವೀಡನ್‌ನ ಕ್ಲಾರ್ನಾದಲ್ಲಿ ಇನ್ನೊಂದು, ಆಸ್ಟ್ರೇಲಿಯಾದ ಆಫ್ಟರ್‌ಪೇನಲ್ಲಿ ಮತ್ತೊಂದು ಕಂತು ಹಾಕಿಕೊಂಡಿರುತ್ತಾರೆ. ಒಬ್ಬರಿಗೆ ಇನ್ನೊಬ್ಬರದ್ದು ಕಾಣುವುದಿಲ್ಲ. ಬಹಳ ವರ್ಷ ಈ ಸಾಲಗಳಲ್ಲಿ ಹೆಚ್ಚಿನವು ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಫರ್ಮ್ 2025ರ ಏಪ್ರಿಲ್‌ನಿಂದ ತನ್ನ ಎಲ್ಲ ಸಾಲಗಳನ್ನೂ ಎಕ್ಸ್‌ಪೀರಿಯನ್ ಎಂಬ ಬ್ಯೂರೋಗೆ ವರದಿ ಮಾಡಲು ಹೊರಟಿತು, ಅದು ಒಳ್ಳೆಯ ಹೆಜ್ಜೆ. ಉಳಿದವರೆಲ್ಲ ಅದೇ ದಾರಿ ಹಿಡಿಯುವವರೆಗೆ ಸಾಲ ತೀರುತ್ತದಾ ಅಂತ ಅಂದಾಜು ಹಾಕುವ ಸಾಫ್ಟ್‌ವೇರ್ ಎಷ್ಟೇ ಜಾಣ ಇದ್ದರೂ ಅರ್ಧ ಚಿತ್ರವನ್ನೇ ನೋಡುತ್ತಿರುತ್ತದೆ. ರಾತ್ರಿಪಾಳಿ, ನಿಮ್ಮ ಹಾಸ್ಟೆಲ್ ಕಥೆಯಲ್ಲಿ ಕರೆ ಮಾಡಲು ಒಂದು ನಂಬರ್ ಇತ್ತು, ಆ ಕಡೆ ನೀವಿದ್ದಿರಿ. ಸಾಲ ನಿರಾಕರಿಸಿದ ಯಂತ್ರಕ್ಕೆ ಕರೆ ಮಾಡಿ ವಿವರಿಸಲು ಆಗುತ್ತದಾ?

ರಾತ್ರಿಪಾಳಿ:

ಕಷ್ಟದ ಪ್ರಶ್ನೆ. ಯಾಕೆ ನಿರಾಕರಿಸಿದರು ಅಂತ ಕಾರಣ ತಿಳಿಸಬೇಕು ಅನ್ನುವ ಕಾನೂನು ಅಮೆರಿಕದಲ್ಲಿದೆ. ಆದರೆ ಕಾರಣದ ಪತ್ರ ಬೇರೆ, ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಫೋನ್ ಎತ್ತುವ ಮನುಷ್ಯ ಬೇರೆ. ಇಲ್ಲಿ ನೀವು ಗೆದ್ದಿರಿ.

ಹೊಸಬ:

ಇನ್ನೊಂದೇ ಪ್ರಶ್ನೆ. ಬ್ಯಾಂಕ್ ಖಾತೆ ನಿಜವಾಗಿ ನಮ್ಮದೇ ಅಂತ ತೋರಿಸಲು ಎರಡು ಚಿಲ್ಲರೆ ಮೊತ್ತ ಹಾಕಿ, ಎಷ್ಟು ಬಂತು ಹೇಳಿ ಅಂತ ಕೇಳುತ್ತಾರಲ್ಲ, ಅದೂ ಪೇಪಾಲ್‌ನದ್ದೇ ಅಂತ ಓದಿದೆ. ಲೆವ್ಚಿನ್ ಅವರದ್ದಾ?

ಹಳೇಕೋಡು:

ಪೇಪಾಲ್‌ನದ್ದೇ, ಆದರೆ ಲೆವ್ಚಿನ್ ಅವರದ್ದಲ್ಲ. ಅದು ಸಂಜಯ್ ಭಾರ್ಗವ ಅವರ ಕಲ್ಪನೆ, ಪೇಪಾಲ್‌ನ ಮೊದಲ ತಂಡದಲ್ಲಿದ್ದ ಭಾರತೀಯರು. ಒಂದು ಡಾಲರ್‌ಗಿಂತ ಕಮ್ಮಿ ಇರುವ ಎರಡು ಮೊತ್ತ, ಉದಾಹರಣೆಗೆ 17 ಸೆಂಟ್ ಮತ್ತು 62 ಸೆಂಟ್ ಅಂತಿಟ್ಟುಕೊಳ್ಳಿ, ನಿಮ್ಮ ಖಾತೆಗೆ ಬರುತ್ತವೆ. ನೀವು ಸ್ಟೇಟ್‌ಮೆಂಟ್ ನೋಡಿ 17, 62 ಅಂತ ತುಂಬಿದರೆ ಖಾತೆ ನಿಮ್ಮದು. ನಾಲ್ಕು ಅಂಕಿ, ಅಂದರೆ ಎಟಿಎಂ ಪಿನ್ ಇದ್ದ ಹಾಗೆ. ಗುಟ್ಟನ್ನು ಬ್ಯಾಂಕಿನ ಸ್ಟೇಟ್‌ಮೆಂಟೇ ನಿಮಗೆ ತಲುಪಿಸುತ್ತದೆ, ಬೇರೆ ಯಂತ್ರ ಬೇಡ, ಕಾಗದಪತ್ರ ಬೇಡ. ಆ ಚಿಲ್ಲರೆಯನ್ನು ನೀವೇ ಇಟ್ಟುಕೊಳ್ಳಬಹುದಿತ್ತು.